ಹಾಸನ ಸೀಮೆಯಲ್ಲಿ ಆಟಿಸಂ ಮಕ್ಕಳಿಗೆ ಸಮುದಾಯದ ಆಸರೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಆಟಿಸಂ ಅಥವಾ ಸ್ವಲೀನತೆ ಇರುವ ಮಕ್ಕಳ ಕುಟುಂಬಗಳಿಗೆ ಪರಿಣತರ ನೆರವೆಂದರೆ ಬಹುಕಾಲ ಜಿಲ್ಲೆಯಾಚೆಗಿನ ಮಾತು: 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್. ಮೈಸೂರು–ಅರಸೀಕೆರೆ ರೈಲುಮಾರ್ಗದಲ್ಲಿರುವ ಹೊಳೆನರಸೀಪುರದವರಿಗೆ ಮೈಸೂರಿಗೆ ಹೋಗಿಬರಲು ಒಂದು ದಿನ ಸಾಕು. 2017ರಲ್ಲಿ ಕುಣಿಗಲ್ ಮೂಲಕದ ರೈಲುಮಾರ್ಗ ಪೂರ್ಣಗೊಂಡ ಮೇಲೆ ಚನ್ನರಾಯಪಟ್ಟಣಕ್ಕೆ ಬೆಂಗಳೂರು ಹತ್ತಿರವಾಯಿತು. ರೈಲೇ ಇಲ್ಲದ ಅರಕಲಗೂಡಿಗೆ ಬಸ್ಸೇ ಗತಿ. ಸ್ಪೀಚ್ ಥೆರಪಿ ಒಮ್ಮೆ ಹೋಗಿ ಮುಗಿಸಿ ಬರುವಂಥದ್ದಲ್ಲ, ವರ್ಷಗಟ್ಟಲೆ ನಡೆಯಬೇಕು. ಹೊಗೆಸೊಪ್ಪು, ಶುಂಠಿ, ಆಲೂಗಡ್ಡೆಯ ಕೆಲಸ ನಂಬಿದ ಮನೆಯವರು ಕೂಲಿ ಬಿಟ್ಟು ಎಷ್ಟು ವಾರ ಹೋಗಲಾದೀತು? ಹೀಗಾಗಿ ಇಲ್ಲಿ ಮಗುವಿಗೆ ನಿಜವಾದ ಆಸರೆ ಮನೆಯ ಹತ್ತಿರದವರಿಂದಲೇ ಬರಬೇಕು. ದೂರದ ಪರಿಣತರು ಅವರ ಬೆನ್ನಿಗಿರಬೇಕು.

ಕಾನೂನು ಈ ಮಕ್ಕಳನ್ನು ಗುರುತಿಸಿದ್ದು ತಡವಾಗಿ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲೇ ಬಣ್ಣಿಸಿದ ಸ್ಥಿತಿಗೆ ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ಜಾಗವಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲ ಬಾರಿಗೆ ಅದರ ಹೆಸರು ಬಂತು. ಆಮೇಲೂ ಅನೇಕ ಮಕ್ಕಳಿಗೆ ಬುದ್ಧಿಮಾಂದ್ಯರೆಂಬ ಪ್ರಮಾಣಪತ್ರವೇ ಸಿಗುತ್ತಿತ್ತು. 2009ರಲ್ಲಿ ಸಿದ್ಧವಾದ ಆಟಿಸಂ ಅಳೆಯುವ 40 ಅಂಶಗಳ ಭಾರತೀಯ ಅಳತೆಪಟ್ಟಿ ಪ್ರಮಾಣಪತ್ರಕ್ಕೆ ಅಧಿಕೃತವಾದದ್ದು 2016ರಲ್ಲಿ; ಅದೇ ವರ್ಷದ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ 21 ವಿಕಲತೆಗಳಲ್ಲಿ ಆಟಿಸಂ ಅನ್ನೂ ಸೇರಿಸಿತು. ಊರಿನಲ್ಲಿ ಮಾತ್ರ ವಿಳಂಬಕ್ಕೆ ಬೇರೆಯೇ ಕಾರಣಗಳಿದ್ದವು. ಮಗು ಕರೆದರೆ ತಿರುಗಿ ನೋಡದಿದ್ದರೂ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನ. ಅದು ಸಾಲದಾದಾಗ ಹರಕೆ. ಹರಕೆಯನ್ನು ಹಳಿಯಬೇಕಿಲ್ಲ, ಆದರೆ ಕಳೆದುಹೋಗುವುದು ಮಗುವಿನ ಎರಡರಿಂದ ಐದರವರೆಗಿನ ವಯಸ್ಸು.

ಮನೆಗೂ ಪರಿಣತರಿಗೂ ನಡುವಿನ ಈ ಅಂತರವನ್ನು ತುಸುವಾದರೂ ತುಂಬಿದ್ದು ಹೊಸ ಕಟ್ಟಡಗಳಲ್ಲ, ಮೊದಲೇ ಮನೆಮನೆಗೆ ಹೋಗುತ್ತಿದ್ದ ಜನ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ತಪಾಸಣೆಯಾಗಬೇಕು. ಆಟಿಸಂ ಕೂಡ ಅದರ ಪಟ್ಟಿಯಲ್ಲಿದೆ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನದ ಕಾಗದಪತ್ರ ಮಾಡಿಸಿಕೊಡುತ್ತಾರೆ. 2012ರ ತಿದ್ದುಪಡಿಯಿಂದ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳಿಗೂ ಅನ್ವಯಿಸಿತು; ತೀವ್ರ ವಿಕಲತೆ ಇರುವವರು ಮನೆಯಲ್ಲೇ ಕಲಿಯುವ ಆಯ್ಕೆಯೂ ಬಂತು. ಆದರೆ ಗೌರವಧನದ ಮೇಲೆ ದುಡಿಯುವ ಒಬ್ಬ ಪುನರ್ವಸತಿ ಕಾರ್ಯಕರ್ತೆಯ ಹೆಗಲಿಗೆ 21 ಬಗೆಯ ವಿಕಲತೆಗಳನ್ನೂ ಹೊರಿಸಿರುವುದು ವ್ಯವಸ್ಥೆಯ ಜಿಪುಣತನ.

ತಜ್ಞರಲ್ಲದವರ ಕೈಗೆ ಮಗುವನ್ನು ಒಪ್ಪಿಸುವುದು ಸರಿಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಇದನ್ನು ಪರೀಕ್ಷಿಸಿದ ‘ಪಾಸ್’ ಅಧ್ಯಯನ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಗಳಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ತಾಯಿ–ಮಗುವಿನ ಆಟದ ವಿಡಿಯೊ ತೆಗೆದು, ಅದನ್ನೇ ತೋರಿಸಿ ಮಾತಾಡುತ್ತಿದ್ದರು. ಮಾತು ಬಾರದ ಮಗು ಅಮ್ಮನ ಕೈ ಹಿಡಿದು ಬಿಸ್ಕತ್ತಿನ ಡಬ್ಬದವರೆಗೆ ಎಳೆದೊಯ್ಯುತ್ತದೆ ಎನ್ನಿ. ತಕ್ಷಣ ಕೊಟ್ಟರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಅವಳು ಡಬ್ಬ ಹಿಡಿದು ತುಸು ಕಾದರೆ ಮಗು ಒಮ್ಮೆ ಮುಖ ನೋಡೀತು, ದನಿ ಮಾಡೀತು. ಅದಕ್ಕೆ ಒಂದೇ ಪದದ ಉತ್ತರ ಸಾಕು. ಇಂಥ ಅಭ್ಯಾಸದಿಂದ ಹೆತ್ತವರು ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಮುಂದಾಗುವುದು ಹೆಚ್ಚಿತು. ಎಲ್ಲವೂ ಅನುಕೂಲವಾಗಿರಲಿಲ್ಲ, ಇಬ್ಬರೂ ಒಂದೇ ವಸ್ತುವಿನಲ್ಲಿ ಮಗ್ನರಾಗಿರುವ ಸಮಯ ಕಡಿಮೆಯಾಯಿತು. ರೋಗನಿರ್ಣಯ ಮತ್ತು ಮೂರ್ಛೆಯಂಥ ತೊಂದರೆಗಳಿಗೆ ವೈದ್ಯರೇ ಬೇಕು. ದಿನನಿತ್ಯದ ಕಲಿಕೆಗೆ ಮಾತ್ರ ಅವರಿಗಾಗಿ ಕಾಯುತ್ತ ಕೂರಬೇಕಿಲ್ಲ.

ವಿಶೇಷ ಶಾಲೆ ತೆರೆದರೆ ಸಾಕೆನ್ನುವವರೂ ಇದ್ದಾರೆ. ಆದರೆ ಜಿಲ್ಲಾಕೇಂದ್ರದ ಶಾಲೆಗೆ ಅರಕಲಗೂಡು ತಾಲ್ಲೂಕಿನ ಕೊಣನೂರಿನ ಮಗು ದಿನವೂ ಬರಲಾರದು. ಶಾಲೆಯ ನಂತರದ ಬದುಕಿಗಂತೂ ಸಮುದಾಯವೇ ಬೇಕು. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 18 ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿಯೊಂದಿಗೆ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೂ ಒಬ್ಬ ವಿಕಲಚೇತನರೂ ಇರಬೇಕು. ಪೋಷಕರ ಸಂಘಗಳಿಗೂ ರಾಷ್ಟ್ರೀಯ ನ್ಯಾಸದಲ್ಲಿ ನೋಂದಾಯಿಸಿಕೊಳ್ಳುವ ಅವಕಾಶವಿದೆ. ಈ ನಾಲ್ಕು ತಾಲ್ಲೂಕಿನ ಹೆತ್ತವರು ಅದನ್ನು ಬಳಸಿಕೊಳ್ಳಬೇಕು.