ಮರವಾಸಿ ಬಾವಲಿಗಳ ತಂಗುದಾಣ

ಮರವಾಸಿ ಬಾವಲಿಗಳು: ಗುಹೆ, ಪಾಳುಗುಡಿ, ಮನೆಯ ಮಾಡುಗಳ ಬದಲಿಗೆ ಮರಗಿಡಗಳಲ್ಲಿ ಹಗಲು ಕಳೆಯುವ ಬಾವಲಿಗಳು. ಜಗತ್ತಿನಲ್ಲಿ ಬಾವಲಿಯ 1,400ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ಸಸ್ಯಗಳನ್ನು ಆಶ್ರಯಿಸುತ್ತವೆ. ನಿದ್ದೆ, ಜೋಡಿಯಾಗುವುದು, ಹೆರಿಗೆ, ಮರಿಗೆ ಹಾಲೂಡುವುದು ಬಹುಮಟ್ಟಿಗೆ ತಂಗುದಾಣದಲ್ಲೇ ನಡೆಯುತ್ತವೆ. ಆಸರೆಯನ್ನು ತಾವೇ ಮಾಡಿಕೊಳ್ಳಬಲ್ಲ ಬಾವಲಿಗಳು ಬೆರಳೆಣಿಕೆಯಷ್ಟು. ಉಳಿದವು ಕಾಡು, ತೋಪು, ಊರುಗಳಲ್ಲಿ ಸಿಕ್ಕುವುದರಲ್ಲೇ ತಕ್ಕದ್ದನ್ನು ಆರಿಸಿಕೊಳ್ಳಬೇಕು. ಹವೆ, ಶತ್ರು, ನೀರು, ಆಹಾರ, ಒಡನಾಟ ಇವೆಲ್ಲವನ್ನೂ ಅವಲಂಬಿಸಿದ ಈ ಆಯ್ಕೆಯಲ್ಲಿ ಮರದ ವಯಸ್ಸಿಗೆ ದೊಡ್ಡ ಪಾತ್ರವಿದೆ.

ತಂಗುದಾಣದ ಬಗೆಗಳು

ಕೊಂಬೆಗಳಿಗೆ ಬಯಲಲ್ಲೇ ಜೋತುಬೀಳುವವು ಮೊದಲ ಬಗೆ. ಭಾರತದ ದೊಡ್ಡ ಹಣ್ಣುಬಾವಲಿ (ಟೆರೋಪಸ್ ಮೀಡಿಯಸ್) ಇದಕ್ಕೆ ಕಣ್ಣೆದುರಿನ ನಿದರ್ಶನ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಮೀರಿ ಹರಡುವ ಈ ಬಾವಲಿ ಆಲ, ಅರಳಿ, ಹುಣಸೆ, ಮಾವು, ಹೊಳೆಮತ್ತಿ, ನೀಲಗಿರಿ ಮರಗಳಲ್ಲಿ ನೂರಾರು, ಕೆಲವೆಡೆ ಸಾವಿರಾರು ಸಂಖ್ಯೆಯಲ್ಲಿ ತಂಗುತ್ತದೆ.

ಪೊಟರೆ, ಬಿರುಕು ಮತ್ತು ಸಡಿಲವಾದ ತೊಗಟೆಯ ಒಳಗೆ ಸೇರಿಕೊಳ್ಳುವವು ಎರಡನೆಯ ಬಗೆ. ಯುರೋಪಿನ ನಾಕ್ಟ್ಯೂಲ್ ಬಾವಲಿಗಳು ಮರಕುಟಿಗ ಕೊರೆದು ಬಿಟ್ಟ ಪೊಟರೆಗಳಲ್ಲಿ ವಾಸಿಸುತ್ತವೆ.

ಎಲೆ, ಬಿದಿರು ಮುಂತಾದ ವಿಶೇಷ ಆಸರೆ ಹುಡುಕುವವು ಮೂರನೆಯ ಬಗೆ. ಕಿತ್ತಳೆ ಮತ್ತು ಕಪ್ಪು ಬಣ್ಣದ ಚಿತ್ರಬಾವಲಿ ಒಣಗಿ ನೇತಾಡುವ ಬಾಳೆ ಎಲೆಯಲ್ಲಿ ಅಡಗುತ್ತದೆ. ಒಣಗಿದ ಎಲೆಯ ಬಣ್ಣಕ್ಕೆ ಅದರ ಮೈಬಣ್ಣ ಬೆರೆತುಹೋಗುತ್ತದೆ. ಪಶ್ಚಿಮ ಘಟ್ಟದಲ್ಲೂ ಕಾಣಸಿಗುವ ಬಿದಿರು ಬಾವಲಿಯ ತೂಕ ನಾಲ್ಕೈದು ಗ್ರಾಂ ಮಾತ್ರ. ಕೀಟಗಳು ಕೊರೆದ ಸಣ್ಣ ಸೀಳಿನ ಮೂಲಕ ಅದು ಎರಡು ಗೆಣ್ಣುಗಳ ನಡುವಿನ ಟೊಳ್ಳಿಗೆ ನುಸುಳುತ್ತದೆ. ಚಪ್ಪಟೆಯಾದ ತಲೆಬುರುಡೆ ಇದಕ್ಕೆ ಅನುಕೂಲವಾಗಿದೆ.

ಶಾಖದ ಲೆಕ್ಕ

ತಂಪು ಪ್ರದೇಶಗಳಲ್ಲಿ ಬಸುರಿ ಮತ್ತು ಬಾಣಂತಿ ಬಾವಲಿಗಳಿಗೆ ಬೆಚ್ಚನೆಯ ಜಾಗ ಬೇಕು. ಮೈ ತಣ್ಣಗಾದರೆ ಹೊಟ್ಟೆಯಲ್ಲಿರುವ ಮರಿಯ ಬೆಳವಣಿಗೆ ನಿಧಾನವಾಗುತ್ತದೆ, ಹಾಲೂ ಕುಗ್ಗುತ್ತದೆ. ಉತ್ತರ ಅಮೆರಿಕದ ಇಂಡಿಯಾನಾ ಬಾವಲಿಯ ತಾಯಂದಿರು ಬಿಸಿಲು ಚೆನ್ನಾಗಿ ಬೀಳುವ ಸತ್ತ ಮರಗಳನ್ನು ಹುಡುಕಿ, ಕಳಚಿಕೊಳ್ಳುತ್ತಿರುವ ತೊಗಟೆಯಡಿ ಗುಂಪಾಗಿ ಸೇರುತ್ತವೆ. ಮರಿಗಳ ಹೊಣೆಯಿಲ್ಲದ ಗಂಡುಗಳಿಗೆ ತಂಪಾದ ಜಾಗವೇ ಲಾಭದಾಯಕ. ಅಲ್ಲಿ ಅವು ದೇಹದ ಶಾಖ ಇಳಿಸಿಕೊಂಡು ಜಡನಿದ್ದೆಗೆ ಜಾರಿ ಶಕ್ತಿ ಉಳಿಸುತ್ತವೆ. ಹೀಗಾಗಿ ಒಂದೇ ಪ್ರಭೇದದ ಗಂಡು ಹೆಣ್ಣುಗಳು ಬೇರೆ ಬೇರೆ ಮರ ಹಿಡಿಯುವುದುಂಟು.

ಉಷ್ಣವಲಯದ ಹಣ್ಣುಬಾವಲಿಗಳ ಸಮಸ್ಯೆ ಇದಕ್ಕೆ ತದ್ವಿರುದ್ಧ. ಬಿಸಿಲೇರಿದಾಗ ಅವು ರೆಕ್ಕೆಗಳನ್ನೇ ಬೀಸಣಿಗೆಯಂತೆ ಬೀಸಿಕೊಳ್ಳುತ್ತವೆ, ಮೈಯನ್ನು ಜೊಲ್ಲಿನಿಂದ ನೆಕ್ಕಿ ಒದ್ದೆಮಾಡಿಕೊಳ್ಳುತ್ತವೆ, ನೆರಳಿರುವ ಕೆಳಕೊಂಬೆಗಳಿಗೆ ಇಳಿಯುತ್ತವೆ. ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಉಪಾಯಗಳೂ ಸಾಲವು. 2018ರ ನವೆಂಬರಿನ ಬಿಸಿಗಾಳಿಗೆ ಆಸ್ಟ್ರೇಲಿಯಾದ ಕೇರ್ನ್ಸ್ ಸುತ್ತಮುತ್ತ ಕನ್ನಡಕ ಹಣ್ಣುಬಾವಲಿಗಳು ಸುಮಾರು 23,000 ಸತ್ತವು. ನೆರಳು ಮತ್ತು ನೀರಿನ ಸಾಮೀಪ್ಯ ಇಂಥ ಬಾವಲಿಗಳಿಗೆ ಜೀವನ್ಮರಣದ ಪ್ರಶ್ನೆ. ನಮ್ಮ ಕೆರೆದಂಡೆ, ಹೊಳೆದಂಡೆಯ ಮರಗಳಲ್ಲಿ ಅವುಗಳ ವಸಾಹತುಗಳು ಹೆಚ್ಚಾಗಿ ಕಾಣಲು ಇದೂ ಒಂದು ಕಾರಣ.

ಮರದ ಎತ್ತರ ಮತ್ತು ಸುತ್ತಲಿನ ತೆರಪು

ಉತ್ತರ ಅಮೆರಿಕದ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2005ರ ವಿಶ್ಲೇಷಣೆಯೊಂದು, ಬಾವಲಿಗಳು ಆರಿಸುವ ಮರಗಳು ಅಕ್ಕಪಕ್ಕದ ಮರಗಳಿಗಿಂತ ಎತ್ತರವಾಗಿಯೂ ದಪ್ಪವಾಗಿಯೂ ಇರುತ್ತವೆ, ಸುತ್ತಲಿನ ಹಂದರ ತೆರೆದಿರುತ್ತದೆ, ಒಣಮರಗಳು ಹೆಚ್ಚಿರುತ್ತವೆ ಎಂದು ತೋರಿಸಿತು. ದಪ್ಪ ಕಾಂಡದ ಪೊಟರೆ ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಕಿರಿದಾದ ಬಾಯಿಯ ಪೊಟರೆ ಶತ್ರುವನ್ನು ಹೊರಗೇ ತಡೆಯುತ್ತದೆ. ಎತ್ತರದ ಮರಕ್ಕೆ ಬಿಸಿಲು ಸಿಗುತ್ತದೆ. ಕೊಂಬೆ ಬಿಟ್ಟೊಡನೆ ರೆಕ್ಕೆ ಬಿಚ್ಚಿ ಹಾರಲು ಕೆಳಗೆ ಜಾಗವೂ ಇರುತ್ತದೆ.

ಒಡನಾಟ

ಗುಂಪಾಗಿ ಒತ್ತಿಕೊಂಡರೆ ಶಾಖ ಉಳಿಯುತ್ತದೆ. ಹಲವು ಕಣ್ಣು ಕಿವಿಗಳಿದ್ದರೆ ಅಪಾಯದ ಸುಳಿವು ಬೇಗ ಸಿಗುತ್ತದೆ. ಜರ್ಮನಿಯ ಪ್ರಾಣಿವಿಜ್ಞಾನಿ ಗೆರ್ಹಾರ್ಡ್ ನಾಯ್‌ವೈಲರ್ ಮದ್ರಾಸಿನ ಬಳಿ ದೊಡ್ಡ ಹಣ್ಣುಬಾವಲಿಗಳನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಮರದಲ್ಲಿ ಪ್ರತಿ ಗಂಡಿಗೂ ಅದರದೇ ಜಾಗವಿರುತ್ತದೆ. ಎತ್ತರದ ಕೊಂಬೆಗಳು ಬಲಶಾಲಿಗಳ ಪಾಲು. ಬಾವಲಿಯ ಆಯ್ಕೆ ಮರಕ್ಕೆ ಮುಗಿಯದೆ ಕೊಂಬೆಯವರೆಗೂ ಹೋಗುತ್ತದೆ.

ನಿಷ್ಠೆ ಮತ್ತು ವಲಸೆ

ಆಸರೆ ಎಷ್ಟು ಕಾಲ ಬಾಳುತ್ತದೆಯೋ ಬಾವಲಿಯ ನಿಷ್ಠೆಯೂ ಸಾಮಾನ್ಯವಾಗಿ ಅಷ್ಟೇ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಿಲ್ಲೆರೆಕ್ಕೆ ಬಾವಲಿ ಹೆಲಿಕೋನಿಯಾ ಗಿಡದ ಸುರುಳಿ ಎಲೆಯೊಳಗೆ ತಲೆ ಮೇಲೆ ಮಾಡಿ ಅಂಟಿಕೊಳ್ಳುತ್ತದೆ. ಸುರುಳಿ ಒಂದು ದಿನದ ಆಸುಪಾಸಿನಲ್ಲಿ ಬಿಚ್ಚಿಕೊಳ್ಳುವುದರಿಂದ ಅದು ಹೊಸ ಎಲೆಯನ್ನು ಹುಡುಕುತ್ತಲೇ ಇರಬೇಕು. ನೂರಾರು ವರ್ಷ ಬಾಳುವ ಆಲದ ಮರಕ್ಕಾದರೋ ಹಣ್ಣುಬಾವಲಿಗಳು ತಲೆಮಾರುಗಳ ಕಾಲ ಮರಳಿ ಬರುತ್ತವೆ.

ಇದಕ್ಕೆ ಅಪವಾದಗಳಿವೆ. ಯುರೋಪಿನ ಬೆಕ್‌ಸ್ಟೈನ್ ಬಾವಲಿಯ ಹೆಣ್ಣುಗಳು ಗಟ್ಟಿಮುಟ್ಟಾದ ಪೊಟರೆಯನ್ನೂ ಕೆಲವೇ ದಿನಗಳಲ್ಲಿ ತೊರೆಯುತ್ತವೆ. ಇದಕ್ಕೆ ಒಂದು ಕಾರಣ ಬಾವಲಿನೊಣ. ಈ ಪರೋಪಜೀವಿ ತನ್ನ ಸಂತಾನವನ್ನು ತಂಗುದಾಣದ ಗೋಡೆಗೆ ಅಂಟಿಸುತ್ತದೆ. ಜಾಗ ಬದಲಿಸಿದರೆ ಅದರ ಕಾಟ ತಗ್ಗುತ್ತದೆ. ಹೀಗೆ ಅಲೆಯುವ ಗುಂಪಿಗೆ ಒಂದೇ ಬೇಸಿಗೆಯಲ್ಲಿ ಹತ್ತಾರು ಆಸರೆಗಳು ಬೇಕಾಗುತ್ತವೆ.

ಮನೆ ಕಟ್ಟುವ ಬಾವಲಿಗಳು

ದಕ್ಷಿಣ ಭಾರತದ ಗಿಡ್ಡಮೂಗಿನ ಹಣ್ಣುಬಾವಲಿಯ ಗಂಡು ಬಳ್ಳಿಯ ಪೊದರಿನಲ್ಲೋ ಕಂಬದ ಮರದಲ್ಲೋ ಎಲೆ ಕಡ್ಡಿಗಳನ್ನು ಕಚ್ಚಿ ಕತ್ತರಿಸಿ ಗುಡಾರದಂಥ ಜಾಗ ಮಾಡುತ್ತದೆ. ಬಗನಿ ಮರದ ಇಳಿಬಿದ್ದ ಗೊನೆಯ ನಡುವಿನ ಎಳೆಗಳನ್ನು ಕಡಿದು ಗಂಟೆಯಂಥ ಪೊಳ್ಳು ಮಾಡುವುದೂ ಉಂಟು. ಅಲ್ಲಿಗೆ ಹಲವು ಹೆಣ್ಣುಗಳು ಬಂದು ಸೇರುತ್ತವೆ. ಮಧ್ಯ ಅಮೆರಿಕದ ಹೊಂಡುರಾಸ್ ಬಿಳಿ ಬಾವಲಿ ಹೆಲಿಕೋನಿಯಾ ಎಲೆಯ ನಡುದಂಟಿನ ಇಕ್ಕೆಲವನ್ನು ಕಚ್ಚಿ ಎಲೆಯನ್ನು ಮಡಚುತ್ತದೆ. ಎಲೆಯ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಅದರ ಬಿಳಿ ಮೈ ಹಸಿರಾಗಿ ಕಂಡು ಕಣ್ಮರೆಯಾಗುತ್ತದೆ. ಬೋರ್ನಿಯೋದ ಒಂದು ಪುಟ್ಟ ಬಾವಲಿಯ ಹಗಲಿನ ಮನೆ ಹೂಜಿಗಿಡದ ಹೂಜಿ. ಬಾಡಿಗೆಯೆಂಬಂತೆ ಅದರ ಹಿಕ್ಕೆಯಿಂದ ಗಿಡಕ್ಕೆ ಸಾರಜನಕ ದೊರೆಯುತ್ತದೆ.

ಸಂರಕ್ಷಣೆ

ಪೊಟರೆ ಮೂಡಲು ಮರಕ್ಕೆ ವಯಸ್ಸಾಗಬೇಕು, ತೊಗಟೆ ಸಡಿಲಲು ಮರ ಸಾಯಬೇಕು. ಮುದಿ ಮರ, ಒಣಮರಗಳನ್ನು ನಿರುಪಯೋಗಿಯೆಂದು ಕಡಿದರೆ ಬಾವಲಿಯ ಮನೆಯೇ ಹೋಗುತ್ತದೆ. ಬದಲಿಗೆ ನೆಟ್ಟ ಸಸಿ ಆ ಸ್ಥಾನ ತುಂಬಲು ದಶಕಗಳು ಬೇಕು. ಕರ್ನಾಟಕದಲ್ಲಿ ಗುಂಡುತೋಪು, ದೇವರಕಾಡು, ಸಾಲುಮರಗಳು ಉಳಿದಲ್ಲಿ ಹಣ್ಣುಬಾವಲಿಗಳಿಗೂ ನೆಲೆಯಿದೆ. ರಸ್ತೆ ಅಗಲೀಕರಣಕ್ಕೆ ಉರುಳುವ ಹಳೆಯ ಆಲದೊಂದಿಗೆ ಒಂದಿಡೀ ವಸಾಹತು ಚದುರಿಹೋಗಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಹುತೇಕ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಹೂಗಳ ಪರಾಗಸ್ಪರ್ಶಕ್ಕೆ ನೆರವಾಗುತ್ತ, ಆಲ, ಅತ್ತಿಗಳ ಬೀಜವನ್ನು ದೂರದೂರಕ್ಕೆ ಒಯ್ದು ಬಿತ್ತುವ ಜೀವಿಗೆ ಈ ನ್ಯಾಯ ತಡವಾಗಿ ದಕ್ಕಿತು. ಇಂದು ಹಣ್ಣುಬಾವಲಿ ಉದುರಿಸುವ ಆಲದ ಬೀಜ ಮೊಳೆತು ಮುಂದೊಂದು ದಿನ ಬಾವಲಿಗಳಿಗೇ ತಂಗುಮರವಾಗಬಲ್ಲದು. ಅದು ಹೆಮ್ಮರವಾಗುವವರೆಗೆ ಈಗಿನ ಹಳೆಯ ಮರಗಳು ನಿಂತಿರಬೇಕು.