ಬಿದ್ದಾಗಷ್ಟೇ ತಿಳಿಯುವ ಭಾರ: ಹಗುರ ಅಡ್ವೆಂಚರ್ ಬೈಕಿನ ಬಯಕೆ ಕುರಿತು ಒಂದು ಟಿಪ್ಪಣಿ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಮಾರುಕಟ್ಟೆಗೆ ಬಂದಾಗ ಕಂಪನಿ ಹೇಳಿದ ತೂಕ 182 ಕಿಲೋ. ಆಮೇಲೆ ಎಬಿಎಸ್ ಬಂತು, ಬಿಎಸ್6 ನಿಯಮ ಬಂತು. 2020ರ ಹೊತ್ತಿಗೆ ಅದೇ 411 ಸಿಸಿ ಎಂಜಿನ್ನಿನ ಅದೇ ಬೈಕು 199 ಕಿಲೋ ತೂಗುತ್ತಿತ್ತು. ನಡುವಿನ 17 ಕಿಲೋ ಎಂದರೆ ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ತುಂಬಿಕೊಡುವ 14.2 ಕಿಲೋ ಅನಿಲಕ್ಕಿಂತಲೂ ಜಾಸ್ತಿ. ಇಷ್ಟೂ ವರ್ಷ ಸವಾರರು ಕೇಳುತ್ತಿದ್ದದ್ದು ಮಾತ್ರ ಇದಕ್ಕೆ ತದ್ವಿರುದ್ಧ: ಗಾಡಿ ಇನ್ನೊಂದಿಷ್ಟು ಹಗುರವಾಗಲಿ, ಮಣ್ಣುದಾರಿಗೆ ಇನ್ನೊಂದಿಷ್ಟು ಒಗ್ಗಲಿ. ಕೇಳಿದ್ದೊಂದು, ಸಿಕ್ಕಿದ್ದೊಂದು ಯಾಕಾಯಿತು? ಕಂಪನಿಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅಂಕಿಗಳನ್ನು ಸಾಲಾಗಿಟ್ಟು ನೋಡಿದ ಮೇಲೆ ನನಗೆ ಹಾಗನ್ನಿಸಿಲ್ಲ.

ಅಂಕಿಗಳ ಬಗ್ಗೆ ಮೊದಲೇ ಒಂದು ಎಚ್ಚರಿಕೆ. ತೂಕ ಹೇಳುವುದಕ್ಕೆ ಎಲ್ಲರೂ ಒಂದೇ ತಕ್ಕಡಿ ಹಿಡಿಯುವುದಿಲ್ಲ. ನಮ್ಮ ಕಂಪನಿಗಳು ಸಾಮಾನ್ಯವಾಗಿ ಕೊಡುವುದು ಕರ್ಬ್ ತೂಕ: ಎಣ್ಣೆ, ನೀರು, ಟ್ಯಾಂಕಿನಲ್ಲಿ ಬಹುಪಾಲು ಪೆಟ್ರೋಲು ಎಲ್ಲ ಸೇರಿದ್ದು. ಹೊರಗಿನ ಕೆಲವರು ಪೆಟ್ರೋಲು ಬಿಟ್ಟು ಹೇಳುತ್ತಾರೆ. ಚೀನಾದ ಸಿಎಫ್‌ಮೋಟೊ 450ಎಂಟಿ 175 ಕಿಲೋ ಎಂದು ಓದಿ ನಮ್ಮವರು ಹುಬ್ಬೇರಿಸುತ್ತಾರೆ. ಅದು ಪೆಟ್ರೋಲು ಸೇರದ ಲೆಕ್ಕ. ಅದರ ಟ್ಯಾಂಕು 17.5 ಲೀಟರಿನದು. ಲೀಟರಿಗೆ ಮುಕ್ಕಾಲು ಕಿಲೋ ಹಿಡಿದರೂ 13 ಕಿಲೋ ಅಲ್ಲೇ ಕೂಡುತ್ತದೆ. ಕೆಳಗೆ ಕೊಟ್ಟಿರುವ ಭಾರತೀಯ ಬೈಕುಗಳ ತೂಕವೆಲ್ಲ ಕರ್ಬ್ ತೂಕವೇ.

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಓದಿನಿಂದಲ್ಲ. ಸಕಲೇಶಪುರದ ಕಡೆ ಕಾಫಿ ತೋಟವೊಂದರ ಏರುದಾರಿ, ಜುಲೈ ಕೊನೆ. ಜೀಪಿನ ಚಕ್ರ ಕೊರೆದ ಎರಡು ಕೊರಕಲುಗಳ ನಡುವಿನ ದಿಬ್ಬದ ಮೇಲೆ ಗೆಳೆಯನ ಹಿಮಾಲಯನ್ ಹೋಗುತ್ತಿತ್ತು. ವೇಗ ನಡಿಗೆಗಿಂತ ತುಸು ಹೆಚ್ಚು, ಅಷ್ಟೆ. ಮುಂದಿನ ಚಕ್ರ ಪಾಚಿ ಹತ್ತಿದ ಕಲ್ಲಿನ ಮೇಲಿಂದ ಜಾರಿ ಎಡ ಕೊರಕಲಿಗೆ ಇಳಿಯಿತು. ಅವನು ಎಡಗಾಲು ಚಾಚಿದ. ಅಲ್ಲಿ ನೆಲವೇ ಇರಲಿಲ್ಲ. ಗಾಡಿ ಮೆಲ್ಲಗೆ, ಎಮ್ಮೆ ಮಲಗಿದ ಹಾಗೆ, ಮಗ್ಗುಲಾಯಿತು. ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಎತ್ತುವುದಕ್ಕೆ ಹೋದಾಗ ಕಾಲೂರಲು ಜಾಗವಿಲ್ಲ, ಹ್ಯಾಂಡಲ್ ಹಿಡಿದು ಎಳೆದರೆ ಇಡೀ ಗಾಡಿ ಕೆಸರಿನಲ್ಲಿ ತಿರುಗುತ್ತದೆ. ಮೂರನೇ ಸಲಕ್ಕೆ ಎದ್ದಿತು. ಇನ್ನರ್ಧ ಗಂಟೆಯಲ್ಲಿ ಮತ್ತೆರಡು ಸಲ ಬಿತ್ತು. ಕೊನೆಯ ಸಲ ಅವನು ಎತ್ತಲು ಹೋಗಲೇ ಇಲ್ಲ, ಪಕ್ಕದ ಕಲ್ಲಿನ ಮೇಲೆ ಕೂತು ಜಿಗಣೆ ಕೀಳುತ್ತಾ, "ಇದಕ್ಕಿಂತ ಐವತ್ತು ಕಿಲೋ ಕಮ್ಮಿ ಇದ್ದಿದ್ರೆ ಸಾಕಿತ್ತು ಕಣೋ" ಅಂದ.

ಐವತ್ತು ಕಿಲೋ ಎಂದದ್ದು ದಣಿವಿನ ಮಾತು. ಆದರೂ ಅದರ ಹಿಂದಿನ ಲೆಕ್ಕ ನೋಡುವಂಥದ್ದು. ಮಗ್ಗುಲಾದ ಬೈಕನ್ನು ಎತ್ತುವಾಗ ನಾವು ಇಡೀ ತೂಕವನ್ನು ಎತ್ತುವುದಿಲ್ಲ. ಟೈರು ನೆಲಕ್ಕೆ ತಾಗಿದ ಗೆರೆಯನ್ನು ಕೀಲು ಮಾಡಿಕೊಂಡು ಹಾರೆಯಂತೆ ಮೀಟುತ್ತೇವೆ. ಹ್ಯಾಂಡಲ್ ಹಿಡಿದು ಮೀಟಿದರೆ ಮೊದಲ ಎತ್ತಿಗೆ ಒಟ್ಟು ತೂಕದ ಸುಮಾರು ಅರ್ಧದಷ್ಟು ಬಲ ಬೇಕು. 196 ಕಿಲೋದ ಗಾಡಿಗೆ ಅದು ಎರಡು ಸಿಮೆಂಟ್ ಮೂಟೆಯ ಹತ್ತಿರ ಹೋಗುತ್ತದೆ. ಈ ಲೆಕ್ಕದಲ್ಲಿ ಭಾರ ಎಷ್ಟಿದೆ ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎನ್ನುವುದು. ಟೈರಿನ ತಳದಿಂದ 90 ಸೆಂ.ಮೀ. ದೂರದ ಟ್ಯಾಂಕಿನಲ್ಲಿರುವ ಒಂದು ಕಿಲೋ, 40 ಸೆಂ.ಮೀ. ದೂರದ ಎಂಜಿನ್ನಿನಲ್ಲಿರುವ ಒಂದು ಕಿಲೋಗಿಂತ ಎರಡು ಪಟ್ಟಿಗೂ ಹೆಚ್ಚು ಕಾಡುತ್ತದೆ. ಹಿಮಾಲಯನ್ ಟ್ಯಾಂಕು 411ರಲ್ಲಿ 15 ಲೀಟರ್ ಇದ್ದದ್ದು 450ರಲ್ಲಿ 17 ಆಯಿತು. ದೂರದೂರಿಗೆ ಹೋಗುವವರು ಚಪ್ಪಾಳೆ ತಟ್ಟಿದರು. ಕೆಸರಿನಲ್ಲಿ ಎತ್ತುವವನ ಪಾಲಿಗೆ ಅದು ಅತಿ ಕೆಟ್ಟ ಜಾಗದಲ್ಲಿ ಬಂದು ಕೂತ ಒಂದೂವರೆ ಕಿಲೋ. ಇದರ ಮೇಲೆ ನಾವೇ ಹೇರುವ ಕ್ರ್ಯಾಶ್ ಗಾರ್ಡು, ಕ್ಯಾನು, ಹಿಂದಿನ ಅಲ್ಯೂಮಿನಿಯಂ ಡಬ್ಬಗಳ ವಿಚಾರ ಬೇರೆ. ತೂಕದ ಬಗ್ಗೆ ಅತಿ ಜೋರಾಗಿ ಗೊಣಗುವವರ ಬೈಕುಗಳಲ್ಲೇ ಈ ಸಾಮಾನು ಅತಿ ಹೆಚ್ಚು ಎಂಬುದನ್ನು ತಮಾಷೆಗೆ ಹೇಳುತ್ತಿಲ್ಲ.

ಈಗ ಸಾಲುಗಳು. 2011ರಲ್ಲಿ ಹೀರೊ ಕಂಪನಿ ಇಂಪಲ್ಸ್ ತಂದಿತು: 150 ಸಿಸಿ, 13 ಚಿಲ್ಲರೆ ಅಶ್ವಶಕ್ತಿ, 134 ಕಿಲೋ. ಈ ಟಿಪ್ಪಣಿಯ ಬಯಕೆಗೆ ಅತಿ ಹತ್ತಿರ ಬಂದ ಗಾಡಿ ಅದು. ಹೆದ್ದಾರಿಯಲ್ಲಿ ದಮ್ಮು ಸಾಲದು ಎಂಬ ಆಕ್ಷೇಪ ಅದನ್ನು ಕೊನೆತನಕ ಬಿಡಲಿಲ್ಲ, ಮಾರಾಟವಾಗದೆ ನಿಂತಿತು. 2019ರಲ್ಲಿ ಅದರ ಜಾಗಕ್ಕೆ ಬಂದ ಎಕ್ಸ್‌ಪಲ್ಸ್ 200ಕ್ಕೆ 18 ಅಶ್ವಶಕ್ತಿ, 154 ಕಿಲೋ. 2025ರ ಎಕ್ಸ್‌ಪಲ್ಸ್ 210ಕ್ಕೆ 24 ಚಿಲ್ಲರೆ ಅಶ್ವಶಕ್ತಿ, 168 ಕಿಲೋ. ಹದಿನಾಲ್ಕು ವರ್ಷಗಳಲ್ಲಿ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಯಿತು, ತೂಕ ಕಾಲುಭಾಗ ಏರಿತು. ಹಿಮಾಲಯನ್ ವಂಶದ್ದೂ ಇದೇ ಕತೆ. 2023ರ ನವೆಂಬರಿನಲ್ಲಿ ಬಂದ 452 ಸಿಸಿ ಮಾದರಿ 24.5ರಿಂದ 40 ಅಶ್ವಶಕ್ತಿಗೆ ಜಿಗಿಯಿತು; ತೂಕ 196. ಹಳೆಯದಕ್ಕಿಂತ ಹೊಸದು ಹಗುರ ಎನ್ನುವ ಮಾತು 2020ರ ಬೈಕಿನ ಪಕ್ಕ ನಿಲ್ಲಿಸಿದರೆ ನಿಜ, ಮೂರು ಕಿಲೋ ಮಟ್ಟಿಗೆ. 2016ರದರ ಪಕ್ಕ ನಿಲ್ಲಿಸಿದರೆ 14 ಕಿಲೋ ಭಾರ.

ಶಕ್ತಿ ಕೇಳಿದವರಿಗೆ ಪ್ರತಿಸಲವೂ ಸಿಕ್ಕಿದೆ, ಹಗುರ ಕೇಳಿದವರಿಗೆ ಸಿಕ್ಕಿಲ್ಲ. ನನ್ನ ಊಹೆ ಇಷ್ಟು: ಶಕ್ತಿ ಎನ್ನುವುದು ಶೋರೂಮಿನ ಟೆಸ್ಟ್ ರೈಡಿನಲ್ಲಿ ಗೊತ್ತಾಗುತ್ತದೆ. ರಿಂಗ್ ರೋಡಿಗೆ ಹೋಗಿ ಎರಡು ಸಲ ಆಕ್ಸಿಲರೇಟರ್ ತಿರುವಿ ಬಂದರೆ ಸಾಕು. ಭಾರ ಗೊತ್ತಾಗುವುದು ಗಾಡಿ ಬಿದ್ದಾಗ. ಟೆಸ್ಟ್ ರೈಡಿನಲ್ಲಿ ಯಾರೂ ಗಾಡಿ ಬೀಳಿಸುವುದಿಲ್ಲ. ಬಾಯಲ್ಲಿ ಹೇಳುವ ಬಯಕೆ ಬೇರೆ, ಅಡ್ವಾನ್ಸ್ ಕಟ್ಟಿಸುವ ಬಯಕೆ ಬೇರೆ. ಕಂಪನಿ ಕೇಳಿಸಿಕೊಳ್ಳುವುದು ಎರಡನೆಯದನ್ನು.

ಶೋರೂಮಿನಲ್ಲೇ ತೀರ್ಮಾನವಾಗುವ ಇನ್ನೊಂದು ಸಂಗತಿ ಸೀಟಿನ ಎತ್ತರ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ, ತೂಕದಲ್ಲಲ್ಲ. ಕಲ್ಲುಗುಂಡುಗಳ ದಾರಿಯಲ್ಲಿ ಚಕ್ರ ಮೇಲೆ ಕೆಳಗೆ ಆಡುವುದಕ್ಕೆ ಜಾಗ ಬೇಕು. ಆ ಜಾಗ ಹೆಚ್ಚಿದಷ್ಟೂ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ, ಅದರ ಜೊತೆ ಸೀಟೂ. ಮೊದಲ ಹಿಮಾಲಯನ್ ಗೆದ್ದದ್ದರಲ್ಲಿ ಅದರ 800 ಮಿ.ಮೀ. ಸೀಟಿನ ಪಾಲು ದೊಡ್ಡದು. ಐದೂವರೆ ಅಡಿ ಎತ್ತರದವನೂ ಎರಡೂ ಕಾಲು ಊರಿ ನಿಲ್ಲಬಹುದಿತ್ತು. ಇತ್ತ 2023ರಲ್ಲಿ ಬಂದ ಎಕ್ಸ್‌ಪಲ್ಸ್ 200 4ವಿ ಪ್ರೊ ನೋಡಿ: ಮುಂದಿನ ಚಕ್ರಕ್ಕೆ 250 ಮಿ.ಮೀ., ಹಿಂದಿನದಕ್ಕೆ 220 ಮಿ.ಮೀ. ಆಡುವ ಜಾಗ, ಒಟ್ಟು ತೂಕ 160ರ ಆಸುಪಾಸು. ಹಗುರವಾಗಿರಲಿ, ಮಣ್ಣಿಗೆ ಒಗ್ಗಲಿ ಎಂದು ಕೇಳಿದವರು ಕೇಳಿದ್ದು ಇದನ್ನೇ ಅಲ್ಲವೆ? ಸೀಟು ಮಾತ್ರ 891 ಮಿ.ಮೀ. ಹತ್ತಿ ಕೂತು ತುದಿಬೆರಳಲ್ಲಿ ನೆಲ ತಡಕಿ, ನಕ್ಕು, ಇಳಿದು ಸಾಮಾನ್ಯ ಮಾದರಿಯ ಬೆಲೆ ಕೇಳಿದವರನ್ನು ಕಣ್ಣಾರೆ ನೋಡಿದ್ದೇನೆ.

ಕೆಟಿಎಂ 390 ಎಂಡ್ಯುರೊ ಆರ್ ಪ್ರಸಂಗವನ್ನು ಈ ಬೆಳಕಿನಲ್ಲಿ ಓದಬೇಕು. ವಿದೇಶಿ ಮಾದರಿಯಲ್ಲಿ ಎರಡೂ ಚಕ್ರಗಳಿಗೆ 230 ಮಿ.ಮೀ. ಆಟವಿತ್ತು. 2025ರಲ್ಲಿ ಇಲ್ಲಿ ಬಿಡುಗಡೆಯಾದದ್ದರಲ್ಲಿ ಅದು ಮುಂದೆ 200, ಹಿಂದೆ 205ಕ್ಕೆ ಇಳಿಯಿತು. ಸೀಟು 890ರಿಂದ 860ಕ್ಕೆ. ಬಲ್ಲ ಸವಾರರು ಸಿಟ್ಟಾದರು, ನಮಗೇ ಯಾಕೆ ಕಮ್ಮಿ ಎಂದರು. ಸಿಟ್ಟು ನ್ಯಾಯವಾದದ್ದೇ. ಆದರೆ ಆ 30 ಮಿ.ಮೀ. ಕತ್ತರಿಸಿದ್ದು ಜಿಪುಣತನವೆಂದು ನಾನು ಒಪ್ಪಲಾರೆ. ಶೋರೂಮಿನಲ್ಲಿ ತುದಿಗಾಲಲ್ಲಿ ನಿಂತವನ ಮುಖ ನೋಡಿ ಮಾಡಿದ ಲೆಕ್ಕ ಅದು.

ಕಾನೂನಿನ ಪಾಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಒಬ್ಬರು ಕೂರುವ ಬೈಕಿಗೆ ಕೈ ಹಿಡಿಕೆ, ಕಾಲೂರುವ ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚಿ ಬಟ್ಟೆ ಸಿಕ್ಕಿಕೊಳ್ಳದಂತೆ ತಡೆಯುವ ಸಾಧನ ಇರಲೇಬೇಕು. ನಮ್ಮ ಸೀರೆ ಗಾರ್ಡಿನ ಮೂಲ ಅದೇ. ಬೆಟ್ಟ ಹತ್ತುವ ಬೈಕಿಗೆ ಸೀರೆ ಗಾರ್ಡ್ ಯಾಕೆ ಎಂದು ನಗುವವರ ಮನೆಯಲ್ಲೂ ಭಾನುವಾರ ಅದೇ ಬೈಕು ಅಮ್ಮನನ್ನು ಕೂರಿಸಿಕೊಂಡು ಮದುವೆ ಛತ್ರಕ್ಕೆ ಹೋಗುತ್ತದೆ. ಮಣ್ಣಿಗೊಂದು, ಪೇಟೆಗೊಂದು ಎಂದು ಎರಡು ಬೈಕು ಇಟ್ಟುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿದ್ದಾವು?

ಇದು ನಮ್ಮದೇ ರೋಗವೇನಲ್ಲ. ಈ ಜಾತಿಯ ಬೈಕುಗಳ ಹಿರೀಕ ಎನ್ನಬಹುದಾದ ಬಿಎಂಡಬ್ಲ್ಯು ಆರ್80 ಜಿ/ಎಸ್ 1980ರಲ್ಲಿ ಬಂದಾಗ 186 ಕಿಲೋ ಇತ್ತು. ಹೆಸರಿನ ಎರಡು ಅಕ್ಷರ ಜರ್ಮನ್ ಭಾಷೆಯಲ್ಲಿ ಕಾಡುಮೇಡು ಮತ್ತು ರಸ್ತೆ ಎನ್ನುವುದಕ್ಕೆ. ನಡುವಿನ ಓರೆಗೆರೆ ಮುಂದಿನ ಮಾದರಿಗಳಲ್ಲಿ ಉದುರಿಹೋಯಿತು. ಅದೇ ವಂಶದ 2023ರ ಆರ್1300 ಜಿಎಸ್ 237 ಕಿಲೋ. ಡಕಾರ್ ರ‍್ಯಾಲಿಯಲ್ಲಿ ಮಾತ್ರ 2011ರಿಂದ 450 ಸಿಸಿಯ ಮಿತಿ ಹಾಕಿ ಈ ಓಟಕ್ಕೆ ಲಗಾಮು ಹಾಕಿದರು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಆ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿ, ಮುಗಿಸಿದ ಮೊದಲ ಭಾರತೀಯ ಎನ್ನಿಸಿಕೊಂಡರು. ನಮ್ಮ ಹುಡುಗರ ಬಯಕೆಯ ರೂಪಕ್ಕೆ ಆ ಚಿತ್ರವೇ ಮೂಲವಿದ್ದೀತು: ತೆಳ್ಳಗಿನ, ಎತ್ತರದ, ಮುಂದೆ ಗಾಜಿನ ಗೋಪುರವಿರುವ ಗಾಡಿ. ಅದರ ಸೀಟಿನ ಮೇಲೆ ಕೂತು ಸಿಗ್ನಲ್ಲಿನಲ್ಲಿ ನಿಲ್ಲಲು ಪ್ರಯತ್ನಿಸಿದವರಿಗೆ ಗೊತ್ತು ಆ ಚಿತ್ರದ ಬೆಲೆ.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರ ಇದಕ್ಕೆ ಹೊಸ ತಿರುವು ಕೊಡಬಹುದು. 350 ಸಿಸಿವರೆಗಿನ ಬೈಕುಗಳಿಗೆ ಶೇ. 28 ಇದ್ದದ್ದು 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಹಗುರದ ಪರವಾಗಿ ಸವಾರರ ಮಾತು ಮಾಡಲಾಗದ್ದನ್ನು ತೆರಿಗೆ ಮಾಡೀತು ಎಂದು ಕೆಲವರ ಲೆಕ್ಕಾಚಾರ. ನನಗೆ ಪೂರ್ತಿ ನಂಬಿಕೆಯಿಲ್ಲ. ಅದರ ಮರುತಿಂಗಳೇ ಹೊಸೂರಿನ ಟಿವಿಎಸ್ ತಂದ ಅಪಾಚೆ ಆರ್‌ಟಿಎಕ್ಸ್ 299 ಸಿಸಿಯದಾದರೂ 180 ಕಿಲೋ ಇದೆ, ಮುಂದಿನ ಚಕ್ರ 19 ಇಂಚು. ಅದರ ಮುಖ ಹೆದ್ದಾರಿಯ ಕಡೆಗೇ. ಸಿಸಿ ಇಳಿದರೆ ತೂಕ ತಾನಾಗಿ ಇಳಿಯುವುದಿಲ್ಲ.

ಅಂದಹಾಗೆ, ಅಂದು ನಾವು ಕೆಸರಿನಲ್ಲಿ ಕೂತಿದ್ದಾಗ ತೋಟದ ರೈಟರು ಅದೇ ಏರಿನಲ್ಲಿ ಟಿವಿಎಸ್ ಎಕ್ಸ್‌ಎಲ್ ಮೇಲೆ ಬಂದರು, ಮುಂದೆ ಗೊಬ್ಬರದ ಚೀಲ. 90 ಕಿಲೋ ಕೂಡ ತೂಗದ ಗಾಡಿ. ಜಾರಿದ ಕಡೆಯಲ್ಲಿ ಇಳಿದು, ತಳ್ಳಿ, ಮತ್ತೆ ಹತ್ತಿ ಹೋದರು. ಅದನ್ನು ಅಡ್ವೆಂಚರ್ ಬೈಕ್ ಎಂದು ಯಾರೂ ಕರೆದಿಲ್ಲ.

ಗೆಳೆಯ ಆಮೇಲೆ ಹಿಮಾಲಯನ್ ಮಾರಿ ಎತ್ತರದ, ಹಗುರದ ಗಾಡಿಯನ್ನೇ ಕೊಂಡ. ತಿಂಗಳು ಕಳೆಯುವುದರೊಳಗೆ ಬೆಂಗಳೂರಿನಲ್ಲಿ ಸೀಟು ಹೊಲಿಯುವವರ ಹತ್ತಿರ ಹೋಗಿ ಫೋಮು ಎರಡು ಬೆರಳಷ್ಟು ಕೆತ್ತಿಸಿದ. ಅದೂ ಸಾಲದೆ ಹಿಂದಿನ ಶಾಕ್ ಅಬ್ಸಾರ್ಬರಿಗೆ ಲೋಯರಿಂಗ್ ಲಿಂಕ್ ಹಾಕಿಸಿದ. ದುಡ್ಡು ಕೊಟ್ಟು ತಂದ ನೆಲದಂತರದಲ್ಲಿ ಒಂದು ಪಾಲು ಹಾಗೆ ವಾಪಸು ಹೋಯಿತು. ಕೆತ್ತಿದ ಫೋಮಿನ ತುಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾನೆ, ಮುಂದೆಂದಾದರೂ ಬೇಕಾದೀತು ಅಂತ.