ಹೊಡೆತಕ್ಕೆ ಬಲ ಬರುವವರೆಗೆ ಕಾಯುವವರು ಯಾರು?

1980ರಲ್ಲಿ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡ ಹೊಸಬರ ಆಯ್ಕೆಯ ಮೊದಲ ಸುತ್ತಿನಲ್ಲೇ ಕ್ಯಾಲಿಫೋರ್ನಿಯಾದ ಇಬ್ಬರು ಹೈಸ್ಕೂಲ್ ಹುಡುಗರನ್ನು ಆರಿಸಿಕೊಂಡಿತು. ಒಬ್ಬ ಡ್ಯಾರಿಲ್ ಸ್ಟ್ರಾಬೆರಿ, ಇಡೀ ದೇಶಕ್ಕೇ ಮೊದಲ ಆಯ್ಕೆ. ಇನ್ನೊಬ್ಬ ಬಿಲ್ಲಿ ಬೀನ್, 23ನೆಯವನು. ಬೀನ್‌ನ ಎತ್ತರ, ಮೈಕಟ್ಟು, ವೇಗ ಕಂಡು ಪ್ರತಿಭಾನ್ವೇಷಕರು ಮರುಳಾಗಿದ್ದರು. ಸ್ಟ್ರಾಬೆರಿಗಿಂತ ಬೇಗ ಪಕ್ವವಾಗುತ್ತಾನೆಂದು ನಂಬಿದ ತಂಡ, ಅವನನ್ನು ಒಂದು ಹಂತ ಮೇಲಿನ ಲೀಗ್‌ಗೆ ಕಳಿಸಿತು.

ಬೇಸ್‌ಬಾಲಿನಲ್ಲಿ ಹೋಮ್‌ರನ್ ಎಂದರೆ ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ. ಸ್ಟ್ರಾಬೆರಿ ತಮ್ಮ ವೃತ್ತಿಜೀವನದಲ್ಲಿ 335 ಹೋಮ್‌ರನ್ ಹೊಡೆದರು. ಬೀನ್ 148 ಪಂದ್ಯಗಳಲ್ಲಿ ಹೊಡೆದದ್ದು 3. ಆಟ ಬಿಟ್ಟ ಅವರು ಓಕ್ಲೆಂಡ್ ತಂಡದಲ್ಲಿ ಪ್ರತಿಭಾನ್ವೇಷಕರಾಗಿ ಸೇರಿ, ಮುಂದೆ ಅದರ ಜನರಲ್ ಮ್ಯಾನೇಜರ್ ಆದರು. ‘ಮನಿಬಾಲ್’ ಸಿನಿಮಾದಲ್ಲಿ ಬ್ರ್ಯಾಡ್ ಪಿಟ್ ಮಾಡಿದ ಪಾತ್ರ ಅವರದೇ.

ಹುಡುಗನ ಹೊಡೆತಕ್ಕೆ ಮುಂದೆ ಬಲ ಬರುತ್ತದೆಯೇ ಎಂಬುದು ಈ ಆಟದ ಹಳೆಯ ಪ್ರಶ್ನೆ. ಪ್ರತಿಭಾನ್ವೇಷಕರು 20ರಿಂದ 80ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತಾರೆ. ಬಲಕ್ಕೆ ಎರಡು ಅಂಕ: ಅಭ್ಯಾಸದಲ್ಲಿ ಕಾಣುವ ಕಚ್ಚಾ ಬಲಕ್ಕೊಂದು, ಪಂದ್ಯದಲ್ಲಿ ಕೈಗೂಡುವ ಬಲಕ್ಕೊಂದು. ಮೊದಲನೆಯದು ಮೈಕಟ್ಟಿನಲ್ಲೇ ಕಾಣುತ್ತದೆ. ಎರಡನೆಯದಕ್ಕೆ, ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುವ ಚೆಂಡಿಗೆ ಬ್ಯಾಟು ಸರಿಯಾದ ಕ್ಷಣದಲ್ಲಿ ಸಿಗಬೇಕು. ಅದು ಕೂಡಿಬರುವುದು ಆಡುತ್ತ ಆಡುತ್ತಲೇ.

ಹೋಸೆ ಬಟಿಸ್ಟಾ ಅವರ ಕಥೆ ಬೀನ್ ಕಥೆಗೆ ತಿರುವುಮುರುವು. ಡೊಮಿನಿಕನ್ ಗಣರಾಜ್ಯದ ಈ ಆಟಗಾರನನ್ನು 2000ದಲ್ಲಿ ಪಿಟ್ಸ್‌ಬರ್ಗ್ ತಂಡ ಆರಿಸಿದ್ದು 20ನೇ ಸುತ್ತಿನಲ್ಲಿ. ಮೂರು ವರ್ಷಗಳ ನಂತರ ಬಾಲ್ಟಿಮೋರ್ ತಂಡ ಒಂದು ವಿಶೇಷ ನಿಯಮದಡಿ ಅವರನ್ನು ಎತ್ತಿಕೊಂಡಿತು. ಆ ನಿಯಮದ ಪ್ರಕಾರ ಆಟಗಾರನನ್ನು ಇಡೀ ವರ್ಷ ಮೇಜರ್ ಲೀಗ್‌ನಲ್ಲೇ ಇಟ್ಟುಕೊಳ್ಳಬೇಕು. ಕೆಳಹಂತದಲ್ಲಿ ದಿನವೂ ಆಡಿ ಕಲಿಯಬೇಕಾಗಿದ್ದ ಯುವಕ ಮೇಲೆ ಬಂದು ಬೆಂಚು ಕಾಯುವಂತಾಯಿತು. 2004ರ ಒಂದೇ ವರ್ಷದಲ್ಲಿ ಅವರು ಐದು ತಂಡಗಳ ಪಟ್ಟಿಯಲ್ಲಿದ್ದರು. ಹೊಡೆದ ಹೋಮ್‌ರನ್ ಸೊನ್ನೆ.

2008ರಲ್ಲಿ ಟೊರಾಂಟೊ ಬ್ಲೂ ಜೇಸ್ ಅವರನ್ನು ಕರೆಸಿಕೊಂಡಿತು. ಮ್ಯಾನೇಜರ್ ಸಿಟೋ ಗ್ಯಾಸ್ಟನ್ ಮತ್ತು ಕೋಚ್ ಡ್ವೇನ್ ಮರ್ಫಿ ಅವರಲ್ಲಿ ಕಂಡ ದೋಷ ಬಲದ ಕೊರತೆಯಲ್ಲ, ತಡ. ಬ್ಯಾಟು ಬೀಸಲು ಮೊದಲೇ ಸಿದ್ಧನಾಗು ಎಂದರು. ಮುಂದಿನ ಕಾಲನ್ನು ಬೇಗ ಎತ್ತುವ ರೂಢಿ ಬಂತು. 2009ರ ಕೊನೆಯ ಒಂದು ತಿಂಗಳಲ್ಲೇ 10 ಹೋಮ್‌ರನ್ ಬಂದವು. ಅಲ್ಲಿಯವರೆಗೆ ಆರು ವರ್ಷಗಳಲ್ಲಿ ಒಟ್ಟು 59 ಹೊಡೆದಿದ್ದವರು 2010ರಲ್ಲಿ 54 ಹೊಡೆದರು. ಆ ವರ್ಷ ಎರಡೂ ಲೀಗ್‌ಗಳಲ್ಲಿ ಅಷ್ಟು ಹೊಡೆದವರು ಬೇರಾರೂ ಇಲ್ಲ. 2011ರಲ್ಲೂ 43 ಹೊಡೆದು ಮೊದಲಿಗರಾದರು. ನಿವೃತ್ತಿಯ ವೇಳೆಗೆ ಲೆಕ್ಕ 344, ಸ್ಟ್ರಾಬೆರಿಗಿಂತ 9 ಹೆಚ್ಚು.

ಹಾಗೆಂದು ಕಾದವರಿಗೆಲ್ಲ ಫಲ ಸಿಗುತ್ತದೆ ಎನ್ನುವಂತಿಲ್ಲ. ಬೀನ್‌ಗಾಗಿ ನಾಲ್ಕು ತಂಡಗಳು ಕಾದವು, ಬಲ ಬರಲಿಲ್ಲ. ಆದರೆ ಮೊದಲ ಸುತ್ತಿನ ಹುಡುಗನಿಗೆ ಆ ಕಾಯುವಿಕೆ ಕೇಳದೆಯೇ ಸಿಗುತ್ತದೆ, 20ನೇ ಸುತ್ತಿನವನಿಗೆ ಸಿಗುವುದಿಲ್ಲ. 2004ರಲ್ಲಿ ಬಟಿಸ್ಟಾ ಅವರನ್ನು ಕೈಬಿಟ್ಟವರು ನೋಡಿದ್ದ ಅಂಕಿಗಳು ಸುಳ್ಳಾಗಿರಲಿಲ್ಲ. ಅವು ಅಪೂರ್ಣವಾಗಿದ್ದವು. ಟೊರಾಂಟೊದ ಆ ಒಂದು ತಿಂಗಳು ಸಿಗದಿದ್ದರೆ, ಈತನಿಗೆ ಬಲವಿಲ್ಲ ಎಂಬ ತೀರ್ಪೇ ದಾಖಲೆಯಲ್ಲಿ ಉಳಿಯುತ್ತಿತ್ತು. ಅದು ತಪ್ಪೆಂದು ಯಾರಿಗೂ ತಿಳಿಯುತ್ತಿರಲಿಲ್ಲ.